ಇಬ್ಬರೇ ಹೊರಟಾಗ ಪ್ಯಾರಿಸ್, ರೋಮ್, ಪ್ರಾಗ್ ಸುತ್ತುವುದು ಹೇಗೆ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಮುಂದೆ ನಿಂತಿದ್ದೆವು. ಗಾಜಿನ ಪಿರಮಿಡ್ ಪಳಪಳ ಹೊಳೆಯುತ್ತಿತ್ತು. ಜನ ಬಹಳ ಕಡಿಮೆ. "ನೋಡಿದ್ಯಾ, ಬೇಗ ಬಂದಿದ್ದಕ್ಕೆ ಕ್ಯೂನೇ ಇಲ್ಲ" ಅಂದರು ನಮ್ಮನೆಯವರು. ಲೂವ್ರ್‌ಗೆ ಮಂಗಳವಾರ ರಜೆ. ಆಮೇಲೆ ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ.

ಆದ್ದರಿಂದ ಮೊದಲ ಕೆಲಸ, ರಜೆ ದಿನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಲೂವ್ರ್‌ಗೆ ಮಂಗಳವಾರ, ಅಲ್ಲೇ ನದಿ ಆಚೆ ಇರುವ ಓರ್ಸೇ ಮ್ಯೂಸಿಯಂಗೆ ಸೋಮವಾರ, ರೋಮಿನಲ್ಲಿ ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ. ತಿಂಗಳ ಕೊನೆಯ ಭಾನುವಾರ ಮಾತ್ರ ಅದು ತೆರೆದಿರುತ್ತದೆ, ಅದೂ ಪುಕ್ಕಟೆ, ಆದರೆ ಆವತ್ತಿನ ಸಾಲು ನೋಡಿದರೆ ತಿರುಪತಿಯೇ ವಾಸಿ ಅನ್ನಿಸುತ್ತದೆ.

ವೀಸಾ ಬಗ್ಗೆ ಎರಡೇ ಮಾತು. ಷೆಂಗೆನ್ ವೀಸಾ ಒಂದಿದ್ದರೆ ಈ ಮೂರೂ ಊರು ಆಗುತ್ತವೆ, ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಪ್ರಯಾಣದ ವಿಮೆ ಕನಿಷ್ಠ 30,000 ಯೂರೋದ್ದು ಇರಲಿ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವುದು ಇದು: ದಿನಕ್ಕೆ ಟಿಕೆಟ್ ತೆಗೆದುಕೊಂಡು ನೋಡುವ ಜಾಗ ಒಂದೇ ಇರಲಿ. ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ, ಎಲ್ಲಾ ನೋಡಿಬಿಡೋಣ ಅನ್ನಿಸುತ್ತದೆ, ಸಹಜ. ನಾವೂ ರೋಮಿನಲ್ಲಿ ಬೆಳಿಗ್ಗೆ ಕೊಲೋಸಿಯಂ, ಮಧ್ಯಾಹ್ನ ವ್ಯಾಟಿಕನ್ ಅಂತ ಹಾಕಿಕೊಂಡೆವು. ಕೊಲೋಸಿಯಂ ಟಿಕೆಟ್‌ನಲ್ಲೇ ಪಕ್ಕದ ರೋಮನ್ ಫೋರಂ, ಪ್ಯಾಲಟೈನ್ ಗುಡ್ಡ ಸೇರಿರುತ್ತವೆ ಅನ್ನುವುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಆ ಬಿಸಿಲಲ್ಲಿ ಕಲ್ಲುಹಾಸಿನ ಮೇಲೆ ನಡೆದೂ ನಡೆದೂ, ಸಂಜೆ ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲ್‌ನಲ್ಲಿ ಮೈಕೆಲಾಂಜೆಲೊ ಬರೆದ ಸೂರು ನೋಡಲು ಕತ್ತೆತ್ತುವ ಬದಲು ನಾನು ಕೂರಲು ಜಾಗ ಹುಡುಕುತ್ತಿದ್ದೆ. ಅಂದ ಹಾಗೆ ವ್ಯಾಟಿಕನ್‌ನಲ್ಲಿ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಒಂದು ದುಪಟ್ಟಾ ಬ್ಯಾಗಿನಲ್ಲಿರಲಿ.

ಒಂದೇ ಜಾಗ ಇಟ್ಟುಕೊಂಡ ದಿನ ಎಷ್ಟು ಆರಾಮ ಗೊತ್ತಾ? ರೋಮಿನ ಹಳೇ ದೇವಾಲಯ ಪ್ಯಾಂಥಿಯನ್‌ಗೆ ಹೋದಾಗ ಮಳೆ. ಅದರ ಗುಮ್ಮಟದ ನಡುವೆ ಸುಮಾರು 9 ಮೀಟರ್ ಅಗಲದ ಬಾಯಿ ತೆರೆದೇ ಇದೆ, ಮಳೆ ನೇರ ಒಳಗೆ ಬೀಳುತ್ತದೆ, ನೆಲದಲ್ಲಿರುವ ಸಣ್ಣ ತೂತುಗಳಲ್ಲಿ ಇಳಿದುಹೋಗುತ್ತದೆ. ಎಲ್ಲರೂ ಮೇಲೆ ನೋಡುತ್ತಿದ್ದರೆ ನಮ್ಮನೆಯವರು ಬಗ್ಗಿ ತೂತು ಎಣಿಸುತ್ತಿದ್ದರು. ಅವಸರ ಇದ್ದಿದ್ದರೆ ಕೈಹಿಡಿದು ಎಳೆಯುತ್ತಿದ್ದೆ.

ಅವರಿಗೆ ಮ್ಯೂಸಿಯಂ ಹುಚ್ಚು, ನನಗೆ ಸಂತೆ. ಮೂರನೇ ದಿನದಿಂದ ಬೇರೆ ಬೇರೆ ಹೋಗಲು ಶುರು ಮಾಡಿದೆವು, ಮೂರು ಗಂಟೆ ಅವರ ಪಾಡಿಗೆ ಅವರು, ನನ್ನ ಪಾಡಿಗೆ ನಾನು. ಹನಿಮೂನ್‌ನವರು ಬೈಯಬೇಡಿ, ಮದುವೆಯಾಗಿ ಹದಿನಾಲ್ಕು ವರ್ಷ ಆದವರಿಗೆ ಇದು ಔಷಧಿ. ಆದರೆ ಸೇರುವ ಜಾಗ ಖಚಿತವಾಗಿರಬೇಕು. "ಮೆಟ್ರೋ ಹತ್ತಿರ" ಅಂದರೆ ಸಾಲದು, ಪ್ಯಾರಿಸ್ಸಿನ ಮೆಟ್ರೋ ಸ್ಟೇಷನ್‌ಗೆ ನಾಲ್ಕೈದು ಬಾಗಿಲಿರುತ್ತವೆ. ಯಾವ ಬಾಗಿಲು, ಯಾವ ಅಂಗಡಿ ಎದುರು ಅಂತ ಹೇಳಿಕೊಳ್ಳಿ. ಇಬ್ಬರ ಫೋನಿಗೂ ನೆಟ್ ಇರಲಿ, ಒಬ್ಬರದ್ದರಲ್ಲೇ ಸುಧಾರಿಸುತ್ತೇವೆ ಅನ್ನಬೇಡಿ.

ಊಟಕ್ಕೆ ಚಟ್ನಿಪುಡಿ, ಗೊಜ್ಜವಲಕ್ಕಿ ಒಯ್ಯಿರಿ, ಹೋಟೆಲ್ ಕೆಟಲ್‌ನ ಬಿಸಿನೀರು ಸಾಕು. ತುಪ್ಪ, ಹಾಲಿನ ಸಿಹಿತಿಂಡಿ ಬೇಡ, ಹಾಲಿನ ಪದಾರ್ಥಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ. ನೀರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಪ್ಯಾರಿಸ್ ಹೋಟೆಲ್‌ಗಳಲ್ಲಿ "ಕರಾಫ್ ದೋ" ಅಂದರೆ ನಲ್ಲಿ ನೀರು ಜಗ್‌ನಲ್ಲಿ ಪುಕ್ಕಟೆ ಬರುತ್ತದೆ. ರೋಮಿನಲ್ಲಿ ಬೀದಿಬೀದಿಗೆ ಕಬ್ಬಿಣದ ನಲ್ಲಿಕಂಬಗಳಿವೆ, ನೀರು ಹಗಲೂ ರಾತ್ರಿ ಹರಿಯುತ್ತಲೇ ಇರುತ್ತದೆ. ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಕಚ್ಚದೆ ಕುಡಿಯಬಹುದು. ಮೊದಲ ಸಲ ನನ್ನ ಕನ್ನಡಕಕ್ಕೇ ಹೊಡೆಯಿತು. ಅಲ್ಲಿ ಕಾಫಿಯನ್ನು ನಿಂತೇ ಕುಡಿಯಿರಿ, ಟೇಬಲ್‌ಗೆ ಕೂತರೆ ಎಷ್ಟೋ ಕಡೆ ರೇಟು ಜಾಸ್ತಿ. ನಮ್ಮ ದರ್ಶಿನಿಗೆ ಹೋಗುವವರಿಗೆ ಇದೇನು ಹೊಸದಲ್ಲ ಅಲ್ವಾ?

ಪ್ರಾಗ್‌ನಲ್ಲಿ ಟ್ರಾಮ್‌ನ ಕಾಗದದ ಟಿಕೆಟ್ ಕೊಂಡರೆ ಸಾಲದು, ಹತ್ತಿದ ತಕ್ಷಣ ಹಳದಿ ಡಬ್ಬಿಗೆ ತೂರಿಸಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ದಂಡ. ಕೋಟೆ ಗುಡ್ಡಕ್ಕೆ 22ನೇ ನಂಬರ್ ಟ್ರಾಮ್ ಹೋಗುತ್ತದೆ, ಹತ್ತುವ ಕಷ್ಟ ಇಲ್ಲ, ಇಳಿಯುವಾಗ ನಡೆದು ಬನ್ನಿ. ಅಲ್ಲಿ ನಡೆಯುವುದು ಕೊರುನಾ, ಯೂರೋ ಅಲ್ಲ. ಹಳೇ ಊರಿನ ಚೌಕದಲ್ಲಿರುವ 1410ನೇ ಇಸವಿಯ ಗಡಿಯಾರದಲ್ಲಿ ಗಂಟೆಗೊಮ್ಮೆ ಗೊಂಬೆಗಳು ಬರುವುದನ್ನು ನೋಡಲು ಜನ ಕಿಕ್ಕಿರಿದು ನಿಲ್ಲುತ್ತಾರೆ. ಎಲ್ಲರೂ ತಲೆ ಎತ್ತಿ ನಿಂತಿರುವ ಆ ಹೊತ್ತಲ್ಲಿ ನಿಮ್ಮ ಪರ್ಸ್ ಮುಂದಿನ ಜೇಬಿನಲ್ಲಿರಲಿ. ನನ್ನ ಕೇಳಿದರೆ ಗೊಂಬೆಯಾಟ ಅಷ್ಟಕ್ಕಷ್ಟೇ.

ಚಾರ್ಲ್ಸ್ ಸೇತುವೆಗೆ ಮಾತ್ರ ಬೆಳಿಗ್ಗೆ ಆರಕ್ಕೆ ಹೋಗಿ. ಹಗಲಲ್ಲಿ ಭುಜಕ್ಕೆ ಭುಜ ತಾಗುತ್ತದೆ, ಆಗ ನಾವಿಬ್ಬರು, ಮಂಜು, ಇನ್ನೊಂದು ವಯಸ್ಸಾದ ಜೋಡಿ ಅಷ್ಟೇ. ಇಬ್ಬರೂ ಒಟ್ಟಿಗಿರುವ ಫೋಟೋ ಬೇಕಾದರೆ ಅಂಥ ಜೋಡಿಯನ್ನೇ ಹುಡುಕಿ, ಮೊದಲು ನೀವು ಅವರದ್ದು ತೆಗೆದುಕೊಡಿ, ಆಮೇಲೆ ಅವರು ನಿಮ್ಮದನ್ನು ತಾಳ್ಮೆಯಿಂದ ನಾಲ್ಕು ಸಲ ತೆಗೆಯುತ್ತಾರೆ. ನಮ್ಮನೆ ಹಾಲ್‌ನಲ್ಲಿ ಫ್ರೇಮ್ ಹಾಕಿಟ್ಟಿರುವುದು ಅದೇ. ನಮ್ಮನೆಯವರ ಕಣ್ಣು ಮುಚ್ಚಿದೆ, ಪರವಾಗಿಲ್ಲ.