ನ್ಯೂಸ್‌ಲೆಟರ್‌ಗೆ ಜಾಗ ಹುಡುಕುವಾಗ ಮೊದಲು ಹೊರಬಾಗಿಲು ನೋಡಿ

2023ರ ಜನವರಿಯಲ್ಲಿ ಟ್ವಿಟರ್ ತನ್ನ ರೆವ್ಯೂ ಎಂಬ ನ್ಯೂಸ್‌ಲೆಟರ್ (ಚಂದಾದಾರರಿಗೆ ಇಮೇಲ್‌ನಲ್ಲಿ ಹೋಗುವ ಪತ್ರಿಕೆ) ಸೇವೆಗೆ ಬೀಗ ಹಾಕಿತು. 2024ರ ಫೆಬ್ರುವರಿ ಕೊನೆಗೆ ಮೇಲ್‌ಚಿಂಪ್ ಒಡೆತನದ ಟೈನಿಲೆಟರ್ ಸಹ ನಿಂತಿತು. ಚಂದಾದಾರರ ಪಟ್ಟಿ ಕೈಯಲ್ಲಿದ್ದವರಿಗೆ ಇದು ವಿಳಾಸ ಬದಲಾವಣೆಯಷ್ಟೇ. ಪಟ್ಟಿ ಇಳಿಸಿಕೊಳ್ಳದೆ ಕುಳಿತವರು ಒಬ್ಬೊಬ್ಬ ಓದುಗರನ್ನೂ ಮತ್ತೆ ಸೇರಿಸಬೇಕಾಗುತ್ತದೆ. ಆದ್ದರಿಂದ ಪ್ಲಾಟ್‌ಫಾರ್ಮ್ ಆರಿಸುವಾಗ ಚೆಂದದ ವಿನ್ಯಾಸಗಳನ್ನು ಆಮೇಲೆ ನೋಡೋಣ. ನಾಳೆ ಬಿಟ್ಟು ಹೊರಡಬೇಕಾಗಿ ಬಂದರೆ ಏನೇನು ಜೊತೆಗೆ ಬರುತ್ತದೆ ಎಂಬುದನ್ನು ಮೊದಲು ನೋಡೋಣ.

ಮೊದಲ ಹೆಜ್ಜೆ: ಪಟ್ಟಿ ಹೊರತೆಗೆದು ನೋಡಿ

ಇಷ್ಟವಾದ ಎರಡು ಮೂರು ಕಡೆ ಉಚಿತ ಖಾತೆ ತೆರೆಯಿರಿ. ನಿಮ್ಮವೇ ನಾಲ್ಕೈದು ಇಮೇಲ್ ವಿಳಾಸಗಳನ್ನು ಚಂದಾದಾರರಾಗಿ ಸೇರಿಸಿ, ತಕ್ಷಣವೇ ಎಕ್ಸ್‌ಪೋರ್ಟ್ ಒತ್ತಿ. ಬರುವ ಸಿಎಸ್‌ವಿ ಎಂಬ ಕೋಷ್ಟಕದ ಫೈಲಿನಲ್ಲಿ ಇಮೇಲ್ ಮಾತ್ರ ಇದ್ದರೆ ಸಾಲದು. ಸೇರಿದ ದಿನಾಂಕ, ಉಚಿತವೋ ಪಾವತಿಯೋ, ಯಾವ ದರ್ಜೆಯ ಸದಸ್ಯತ್ವ, ಅವಧಿ ಎಂದು ಮುಗಿಯುತ್ತದೆ ಎಂಬ ಕಾಲಂಗಳೂ ಬೇಕು. ಅವಧಿಯ ದಿನಾಂಕ ಇಲ್ಲದಿದ್ದರೆ, ಬೇರೆಡೆಗೆ ಹೋದಾಗ ವರ್ಷದ ಹಣ ಕಟ್ಟಿದವರಿಗೆ ಇನ್ನೆಷ್ಟು ತಿಂಗಳು ಬಾಕಿ ಎಂದು ನಿಮಗೇ ಗೊತ್ತಾಗುವುದಿಲ್ಲ.

ಎರಡನೆಯದು: ಹಣ ಯಾರ ಖಾತೆಗೆ ಬೀಳುತ್ತದೆ?

ಬಹುತೇಕರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಸಬ್‌ಸ್ಟ್ಯಾಕ್, ಘೋಸ್ಟ್, ಬೀಹೈವ್ ಎಂಬ ಮೂರು ನ್ಯೂಸ್‌ಲೆಟರ್ ಸೇವೆಗಳೂ ನಿಮ್ಮದೇ ಸ್ಟ್ರೈಪ್ (ಕಾರ್ಡ್ ಪಾವತಿ ನಡೆಸಿಕೊಡುವ ಸಂಸ್ಥೆ) ಖಾತೆಯನ್ನು ಜೋಡಿಸಿಕೊಳ್ಳುತ್ತವೆ. ಓದುಗರ ಕಾರ್ಡಿನ ವಿವರ ಸ್ಟ್ರೈಪ್‌ನಲ್ಲಿ, ನಿಮ್ಮ ಖಾತೆಯ ಅಡಿಯಲ್ಲಿ ಇರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದರೂ ಅದೇ ಸ್ಟ್ರೈಪ್ ಖಾತೆ ಜೋಡಿಸಿದರೆ, ಓದುಗರು ಕಾರ್ಡ್ ನಂಬರ್ ಮತ್ತೆ ಕೊಡುವ ಕೆಲಸವಿಲ್ಲ. ಪೇಟ್ರಿಯಾನ್ ಎಂಬ ಸದಸ್ಯತ್ವ ಸೇವೆಯಲ್ಲಿ ಹಾಗಲ್ಲ, ಪಾವತಿ ಅವರ ವ್ಯವಸ್ಥೆಯಲ್ಲೇ ನಡೆಯುತ್ತದೆ. ಅಲ್ಲಿಂದ ಹೊರಟರೆ ಪ್ರತಿ ಸದಸ್ಯರೂ ಹೊಸದಾಗಿ ಚಂದಾ ಕಟ್ಟಬೇಕು, ಎಲ್ಲರೂ ಕಟ್ಟುವುದಿಲ್ಲ. ಫೋನಿನ ಆ್ಯಪ್ ಒಳಗಿಂದ ಆ್ಯಪ್ ಸ್ಟೋರ್ ಮೂಲಕ ಕಟ್ಟಿದ ಚಂದಾಗೂ ಇದೇ ಗತಿ.

ನಿಮ್ಮ ದೇಶದಲ್ಲಿ ಸ್ಟ್ರೈಪ್ ಖಾತೆ ಸಿಗುತ್ತದೆಯೇ ಎಂದು ಒಂದಕ್ಷರ ಬರೆಯುವ ಮೊದಲೇ ಖಚಿತಪಡಿಸಿಕೊಳ್ಳಿ. ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ. ಸಿಗದಿದ್ದರೆ ಮೇಲಿನ ಮೂರರಲ್ಲೂ ಹಣದ ಬಾಗಿಲು ತೆರೆಯುವುದಿಲ್ಲ. ಪೇಪಾಲ್ ಅಥವಾ ಬೇರೆ ಪಾವತಿ ದಾರಿಗೆ ಅವಕಾಶ ಕೊಡುವ ಸೇವೆಯನ್ನೇ ಹುಡುಕಬೇಕು.

ಸ್ಥಳ ಬದಲಿಸಿದವರು ಮರೆಯುವ ಇನ್ನೊಂದು ವಿಷಯವಿದೆ. ಹಳೆಯ ಚಂದಾಗಳಿಗೆ ಹಿಂದಿನ ಪ್ಲಾಟ್‌ಫಾರ್ಮ್‌ನ ಕಮಿಷನ್ ಅಂಟಿಕೊಂಡೇ ಇರಬಹುದು. ಸ್ಟ್ರೈಪ್‌ನಲ್ಲಿ ಒಂದೆರಡು ಹಳೆ ಚಂದಾ ತೆರೆದು, ಪ್ಲಾಟ್‌ಫಾರ್ಮ್ ಶುಲ್ಕ ಇನ್ನೂ ಕಡಿತವಾಗುತ್ತಿದೆಯೇ ನೋಡಿ. ಆಗುತ್ತಿದ್ದರೆ ಹಳೆಯ ಸೇವೆಗೆ ಬರೆದು ತೆಗೆಸಬೇಕು.

ಮೂರನೆಯದು: ಲೆಕ್ಕ

ಸಬ್‌ಸ್ಟ್ಯಾಕ್ ಚಂದಾ ಹಣದಲ್ಲಿ 10% ತೆಗೆದುಕೊಳ್ಳುತ್ತದೆ, ತಿಂಗಳ ಬಾಡಿಗೆ ಇಲ್ಲ. ಘೋಸ್ಟ್ ಮತ್ತು ಬೀಹೈವ್ ಚಂದಾದಲ್ಲಿ ಪಾಲು ಕೇಳುವುದಿಲ್ಲ, ಬದಲಿಗೆ ತಿಂಗಳ ಬಾಡಿಗೆ ಕಟ್ಟಬೇಕು. ಹೋಲಿಸಲು ಸುಲಭದ ದಾರಿ: ಬಾಡಿಗೆಯನ್ನು 10ರಿಂದ ಗುಣಿಸಿ. ಬಾಡಿಗೆ 30 ಡಾಲರ್ ಇದ್ದರೆ, ತಿಂಗಳ ಚಂದಾ 300 ಡಾಲರ್ ದಾಟುವವರೆಗೆ ಕಮಿಷನ್ ಪದ್ಧತಿ ಅಗ್ಗ. ದಾಟಿದ ಮೇಲೆ ಬಾಡಿಗೆ ಅಗ್ಗ. ಆದರೆ ಬಾಡಿಗೆ ಏರುವುದು ಉಚಿತ ಓದುಗರನ್ನೂ ಸೇರಿಸಿದ ಒಟ್ಟು ಪಟ್ಟಿಯ ಮೇಲೆ. ಹತ್ತು ಸಾವಿರ ಉಚಿತ ಓದುಗರು, ನೂರೇ ಜನ ಹಣ ಕೊಡುವವರು ಇದ್ದರೆ ಲೆಕ್ಕ ತಲೆಕೆಳಗಾಗಬಹುದು.

ಪಾವತಿ ಸಂಸ್ಥೆಯ ಶುಲ್ಕ ಇದರ ಮೇಲೆ ಬೇರೆ. ಸ್ಟ್ರೈಪ್‌ನ ಅಮೆರಿಕದ ಸಾಮಾನ್ಯ ಕಾರ್ಡ್ ದರ 2.9% ಮತ್ತು ಪ್ರತಿ ವ್ಯವಹಾರಕ್ಕೆ 30 ಸೆಂಟ್. ತಿಂಗಳಿಗೆ 5 ಡಾಲರ್ ಚಂದಾ ಎಂದರೆ ಪ್ರತಿ ಸಲ ಸುಮಾರು 44 ಸೆಂಟ್, ಅಂದರೆ ಹತ್ತಿರಹತ್ತಿರ 9% ಹೋಯಿತು. ಅದೇ ಓದುಗರು ವರ್ಷಕ್ಕೊಮ್ಮೆ 50 ಡಾಲರ್ ಕಟ್ಟಿದರೆ ಹೋಗುವುದು 1.75 ಡಾಲರ್, ಬರೀ 3.5%. ಆ 30 ಸೆಂಟ್ ಸಣ್ಣ ಮೊತ್ತವನ್ನು ಕಚ್ಚಿ ತಿನ್ನುತ್ತದೆ. ಹಾಗಾಗಿ ವಾರ್ಷಿಕ ಚಂದಾಗೆ ಎರಡು ತಿಂಗಳ ರಿಯಾಯಿತಿ ಕೊಟ್ಟು, ಅದನ್ನೇ ಮುಂದೆ ಇಡಿ. ಹಣ ವಾಪಸ್ ಕೊಟ್ಟಾಗ ಸ್ಟ್ರೈಪ್ ತನ್ನ ಶುಲ್ಕ ಹಿಂದಿರುಗಿಸುವುದಿಲ್ಲ ಎಂಬುದೂ ಲೆಕ್ಕದಲ್ಲಿರಲಿ.

ಘೋಸ್ಟ್ ತಂತ್ರಾಂಶ ಮುಕ್ತವಾಗಿದೆ (ಯಾರು ಬೇಕಾದರೂ ಉಚಿತವಾಗಿ ಬಳಸಬಹುದು), ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡರೆ ಬಾಡಿಗೆ ಉಳಿಯಿತು ಎನಿಸುತ್ತದೆ. ಆದರೆ ಸರ್ವರ್ ಖರ್ಚು ಇದ್ದೇ ಇದೆ, ಸಗಟು ಇಮೇಲ್‌ಗೆ ಮೇಲ್‌ಗನ್ ಎಂಬ ಸೇವೆಯ ಖಾತೆ ಬೇಕು, ಅಪ್‌ಡೇಟ್ ಮತ್ತು ಬ್ಯಾಕಪ್ ನಿಮ್ಮ ತಲೆಯ ಮೇಲೆ. ಸರ್ವರ್ ನಿಭಾಯಿಸಿ ಅಭ್ಯಾಸವಿಲ್ಲದವರಿಗೆ ನಮ್ಮ ಸಲಹೆ: ಬೇಡ.

ನಾಲ್ಕನೆಯದು: ಸ್ವಂತ ಡೊಮೈನ್, ಸರಿಯಾದ ದಾಖಲೆ

ಡೊಮೈನ್, ಅಂದರೆ ಜಾಲತಾಣದ ವಿಳಾಸ, ನಿಮ್ಮ ಹೆಸರಲ್ಲೇ ಕೊಳ್ಳಿ. ಪ್ಲಾಟ್‌ಫಾರ್ಮ್ ಬದಲಾದರೂ ಹಳೆಯ ಲಿಂಕ್‌ಗಳನ್ನು ಹೊಸ ಜಾಗಕ್ಕೆ ತಿರುಗಿಸಿ ಉಳಿಸಿಕೊಳ್ಳಬಹುದು.

ಇಮೇಲ್ ಸಹ ನಿಮ್ಮ ಡೊಮೈನ್‌ನಿಂದಲೇ ಹೋಗುವಂತಿದ್ದರೆ ಪತ್ರ ನಿಜವಾಗಿ ನಿಮ್ಮಿಂದಲೇ ಬಂದದ್ದು ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಡಿಎನ್‌ಎಸ್‌ನಲ್ಲಿ (ಡೊಮೈನ್‌ನ ಸೆಟ್ಟಿಂಗ್‌ಗಳಿರುವ ಕಡೆ) ಸೇರಿಸಬೇಕು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಇಮೇಲ್ ಕಳಿಸುವವರಿಗೆ 2024ರ ಫೆಬ್ರುವರಿಯಿಂದ ಜಿಮೇಲ್ ಈ ಮೂರನ್ನೂ, ಒಂದೇ ಒತ್ತಿಗೆ ಚಂದಾ ಬಿಡುವ ಸೌಲಭ್ಯವನ್ನೂ ಕಡ್ಡಾಯ ಮಾಡಿದೆ. ಸ್ಪ್ಯಾಮ್ ದೂರು 0.3% ಮುಟ್ಟಬಾರದು. ಸಾಮಾನ್ಯ ತಪ್ಪು ಎಂದರೆ ಒಂದೇ ಡೊಮೈನ್‌ಗೆ ಎರಡು ಎಸ್‌ಪಿಎಫ್ ಸಾಲು ಹಾಕುವುದು. ಕಚೇರಿ ಇಮೇಲ್‌ಗೆ ಈಗಾಗಲೇ ಒಂದಿದ್ದರೆ ಹೊಸ ಸೇವೆಯ ಹೆಸರನ್ನು ಅದೇ ಸಾಲಿನೊಳಗೆ ಸೇರಿಸಿ. ಎರಡಿದ್ದರೆ ಎಸ್‌ಪಿಎಫ್ ಪರೀಕ್ಷೆಯೇ ವಿಫಲವಾಗುತ್ತದೆ, ನ್ಯೂಸ್‌ಲೆಟರ್ ಜೊತೆ ಕಚೇರಿ ಪತ್ರಗಳೂ ಸ್ಪ್ಯಾಮ್ ಸೇರಬಹುದು. ಡಿಮಾರ್ಕ್ ಅನ್ನು ಆರಂಭದಲ್ಲಿ ವರದಿ ಮಾತ್ರ ಕೊಡುವ ಹಂತದಲ್ಲಿಡಿ.

ಐದನೆಯದು: ಒಂದು ನಿಜವಾದ ಸಂಚಿಕೆ ಕಳಿಸಿ

ನೀವು ಬರೆಯುವಷ್ಟೇ ಉದ್ದದ ಲೇಖನವನ್ನು ನಿಮಗೇ ಕಳಿಸಿಕೊಳ್ಳಿ. ಜಿಮೇಲ್ ಸುಮಾರು 102 ಕೆಬಿ ಮೀರಿದ ಇಮೇಲ್ ಅನ್ನು ಅಲ್ಲಿಗೇ ಕತ್ತರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. 'ಕ್ಷಿ' ಎಂಬುದನ್ನೇ ನೋಡಿ: ಕ, ವಿರಾಮ (ಒತ್ತಕ್ಷರ ಮೂಡಿಸುವ ಚಿಹ್ನೆ), ಷ, ಇಕಾರ, ಹೀಗೆ ನಾಲ್ಕು ಸಂಕೇತ ಸೇರಿ 12 ಬೈಟ್. 1,500 ಪದಗಳ ಕನ್ನಡ ಲೇಖನದ ಪಠ್ಯವೇ 35ರಿಂದ 40 ಕೆಬಿ ಆಗುತ್ತದೆ, ಅದರ ಮೇಲೆ ವಿನ್ಯಾಸದ ಕೋಡ್. ಚಿತ್ರಗಳು ಹೊರಗಿಂದ ಬರುವುದರಿಂದ ಲೆಕ್ಕಕ್ಕಿಲ್ಲ. ಕತ್ತರಿಸಿದಾಗ ನಿಜವಾಗಿ ಕಳೆದುಹೋಗುವುದು ಕೊನೆಯಲ್ಲಿರುವ ಚಂದಾ ಬಿಡುವ ಲಿಂಕ್. ಅದು ಕಾಣದ ಓದುಗರು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ, ಆ ದೂರು ನಿಮ್ಮ ಲೆಕ್ಕಕ್ಕೆ ಬೀಳುತ್ತದೆ. ಭಾರದ ವಿನ್ಯಾಸ ಹೇರುವ ಪ್ಲಾಟ್‌ಫಾರ್ಮ್ ಅನ್ನು ಈ ಕಾರಣಕ್ಕೇ ಕೈಬಿಡಬಹುದು.

ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ನೋಡಿ ಸೇವೆಗಳನ್ನು ಹೋಲಿಸಬೇಡಿ. 2021ರಿಂದ ಆ್ಯಪಲ್ ಮೇಲ್ ಓದುಗರ ಖಾಸಗಿತನಕ್ಕಾಗಿ ಚಿತ್ರಗಳನ್ನು ತಾನೇ ಮೊದಲು ತರಿಸಿಕೊಳ್ಳುವುದರಿಂದ ತೆರೆಯದ ಪತ್ರವೂ ತೆರೆದಂತೆ ದಾಖಲಾಗುತ್ತದೆ. ಲಿಂಕ್ ಒತ್ತಿದವರು ಮತ್ತು ಉತ್ತರ ಬರೆದವರ ಎಣಿಕೆ ಹೆಚ್ಚು ನಂಬಿಕಸ್ಥ.

ಕೊನೆಗೆ, ಹಣ ಪಡೆಯುವ ಪುಟ ತೆರೆದ ದಿನ ಒಪ್ಪುವ ಗೆಳೆಯರೊಬ್ಬರನ್ನು ಮೊದಲ ಚಂದಾದಾರರಾಗಿಸಿ. ರಸೀದಿ ಬಂತೇ, ಸದಸ್ಯರ ಲೇಖನ ತೆರೆಯಿತೇ, ರದ್ದು ಮಾಡುವ ಗುಂಡಿ ಸುಲಭವಾಗಿ ಸಿಕ್ಕಿತೇ ಎಂದು ಕೇಳಿ. ಅವರ ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಯಾವ ಹೆಸರು ಮೂಡಿತು ಎಂಬುದನ್ನು ಮರೆಯದೆ ವಿಚಾರಿಸಿ. ಅಲ್ಲಿ ನ್ಯೂಸ್‌ಲೆಟರ್ ಹೆಸರಿನ ಬದಲು ಗುರುತು ಸಿಗದ ಇನ್ನೇನೋ ಇದ್ದರೆ, ವರ್ಷದ ನಂತರ ನವೀಕರಣವಾದಾಗ ಓದುಗರು ಗಾಬರಿಯಾಗಿ ಬ್ಯಾಂಕಿಗೆ ದೂರು ಕೊಡುತ್ತಾರೆ. ಸ್ಟ್ರೈಪ್ ಸೆಟ್ಟಿಂಗ್‌ನಲ್ಲಿ ಆ ಹೆಸರನ್ನು ಅಂದೇ ಬದಲಿಸಿ.