ಕೊನೆಯ ಸಾಲಿನಿಂದ ಮತ್ತೆ ಬರೆದ ಪ್ರಬಂಧ

ಎಂ.ಎ. ಕನ್ನಡ ಓದುವಾಗ ಸೆಮಿನಾರ್ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಬಸವಣ್ಣನವರ ಈ ವಚನ:

ಉಳ್ಳವರು ಶಿವಾಲಯ ಮಾಡುವರು
ನಾನೇನ ಮಾಡಲಿ? ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.

ಸ್ಥಾವರ ಎಂದರೆ ಇದ್ದಲ್ಲೇ ನಿಂತದ್ದು, ಜಂಗಮ ಎಂದರೆ ಚಲಿಸುವಂಥದ್ದು. ಮೊದಲ ಕರಡಿನ ವಾದ ಸರಳ. ಕಲ್ಲಿನ ಗುಡಿ ಉಳ್ಳವರದು, ದೇಹದ ಗುಡಿ ಎಲ್ಲರದು. ನಮ್ಮ ಮೇಡಂ ಅದನ್ನು ಓದಿ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದರು: ‘ದೇಹವೂ ಅಳಿಯುತ್ತದೆ ಅಲ್ವಾ?’

ಆ ಪ್ರಶ್ನೆ ಇಟ್ಟುಕೊಂಡು ಮತ್ತೆ ವಚನಕ್ಕೆ ಹೋದೆ. ವಿಮರ್ಶೆಯ ಪುಸ್ತಕಗಳನ್ನೆಲ್ಲ ಸ್ವಲ್ಪ ದಿನ ಪಕ್ಕಕ್ಕಿಟ್ಟೆ. ತಾಳೆಗರಿಗಳಲ್ಲಿ ವಚನಗಳನ್ನು ಸಾಲು ಮುರಿಯದೆ ಒಂದೇ ಸಮನೆ ಬರೆದಿರುತ್ತಾರೆ. ಇವತ್ತು ನಾವು ನೋಡುವ ಸಾಲುಗಳು ಸಂಪಾದಕರು ಮುರಿದು ಕೊಟ್ಟದ್ದು. ಹಾಗಾಗಿ ನಾನೂ ಬಿಳಿ ಹಾಳೆಯ ಮೇಲೆ ಇಡೀ ವಚನವನ್ನು ಒಂದೇ ಓಟದಲ್ಲಿ ಬರೆದೆ, ಆಮೇಲೆ ಜೋರಾಗಿ ಓದಿದೆ. ಎಲ್ಲಿ ಉಸಿರು ತಾನಾಗಿ ನಿಲ್ಲುತ್ತದೋ ಅಲ್ಲಿ ಗೆರೆ ಎಳೆದೆ. ‘ಬಡವನಯ್ಯಾ’ದ ಹತ್ತಿರ ಒಂದು, ‘ಕಳಶವಯ್ಯಾ’ದ ಹತ್ತಿರ ಇನ್ನೊಂದು, ‘ಕೇಳಯ್ಯಾ’ದ ಹತ್ತಿರ ಮತ್ತೊಂದು. ಮೂರು ಸಲ ‘ಅಯ್ಯಾ’. ಆ ಮೂರನೆಯದಾದ ಮೇಲೆ ಬರುವ ಮಾತಿನಲ್ಲಿ ‘ನಾನು’ ಇಲ್ಲ, ‘ಎನ್ನ’ ಇಲ್ಲ. ಕಾಲು, ದೇಹ, ಶಿರ ಎಲ್ಲ ಹಿಂದೆ ಉಳಿದುಬಿಟ್ಟಿವೆ. ನನ್ನ ಕರಡು ಮಾತ್ರ ದೇಹದ ಹತ್ತಿರವೇ ನಿಂತಿತ್ತು.

ನಂತರ ಕ್ರಿಯಾಪದಗಳ ಕೆಳಗೆ ಗೆರೆ ಹಾಕಿದೆ. ಉಳ್ಳವರು ‘ಮಾಡುವರು’. ನಾನು ಏನ ‘ಮಾಡಲಿ’? ಅದಕ್ಕೆ ಉತ್ತರವಾಗಿ ಬರುವ ಸಾಲುಗಳಲ್ಲಿ ಮಾಡುವ ಕೆಲಸವೇ ಇಲ್ಲ. ಕಾಲೇ ಕಂಬ, ಅಷ್ಟೆ. ಎ.ಕೆ. ರಾಮಾನುಜನ್ ವಚನಗಳ ತಮ್ಮ ಇಂಗ್ಲಿಷ್ ಅನುವಾದ, 1973ರ ‘ಸ್ಪೀಕಿಂಗ್ ಆಫ್ ಶಿವ’ದ ಪ್ರಸ್ತಾವನೆಯಲ್ಲಿ ಮಾಡುವುದು ಬೇರೆ, ಆಗಿರುವುದು ಬೇರೆ ಎಂದು ಇದನ್ನೇ ತೋರಿಸಿದ್ದಾರೆ. ಮೊದಲ ಕರಡಿನಲ್ಲಿ ಅವರ ಮಾತಿನಿಂದಲೇ ಶುರು ಮಾಡಿದ್ದೆ. ಹೊಸದರಲ್ಲಿ ನನ್ನ ಓದು ಮೊದಲು, ಅವರು ಆಮೇಲೆ. ಈ ಬದಲಾವಣೆ ಚಿಕ್ಕದಾಗಿ ಕಂಡರೂ ಪ್ರಬಂಧದ ದನಿಯೇ ಬೇರೆಯಾಯಿತು.

ಇಲ್ಲಿ ಬಸವಣ್ಣನವರದೇ ಇನ್ನೊಂದು ವಚನ ನೆರವಿಗೆ ಬಂತು: ‘ಎನ್ನ ಕಾಯವ ದಂಡಿಗೆಯ ಮಾಡಯ್ಯಾ, ಎನ್ನ ಶಿರವ ಸೋರೆಯ ಮಾಡಯ್ಯಾ’. ದಂಡಿಗೆ ವೀಣೆಯ ಕೋಲು, ಸೋರೆ ಅದರ ಬುರುಡೆ. ಅಲ್ಲೂ ದೇಹ, ಅಲ್ಲೂ ಶಿರ. ಆದರೆ ಅಲ್ಲಿ ‘ಮಾಡಯ್ಯಾ’ ಎಂಬ ಬೇಡಿಕೆ ಇದೆ. ದೇಹವನ್ನು ವಾದ್ಯ ಮಾಡಬೇಕಾದವನು ದೇವರು. ಗುಡಿಯ ವಚನದಲ್ಲಿ ಬೇಡಿಕೆಯೇ ಇಲ್ಲ. ದೇಹ ಆಗಲೇ ಗುಡಿಯಾಗಿದೆ. ದೇವರಲ್ಲಿ ಕೇಳುವುದು ಒಂದೇ, ಈ ಮಾತನ್ನು ಕೇಳು ಎಂದು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ಸಿಕ್ಕ ಖುಷಿ ಯಾವ ವಿಮರ್ಶೆಯಿಂದಲೂ ಸಿಕ್ಕಿರಲಿಲ್ಲ. ಪ್ರಬಂಧದ ನಡುವಿನ ಭಾಗವೆಲ್ಲ ಈ ಹೋಲಿಕೆಗೇ ಹೋಯಿತು.

‘ಬಸವಣ್ಣ ಬಿಜ್ಜಳನ ಭಂಡಾರಿ, ಬಡವ ಹೇಗಾದರು?’ ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಇದಕ್ಕೆ ಒಂದು ಪ್ಯಾರಾ ಕೊಟ್ಟೆ, ಜಾಸ್ತಿ ಅಲ್ಲ. ಈ ‘ನಾನು’ ಯಾರು ಬೇಕಾದರೂ ಬಂದು ನಿಲ್ಲಬಹುದಾದ ಜಾಗ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಹೊನ್ನ’. ಬಡವ ಎಂದವನ ತಲೆಯೇ ಚಿನ್ನದ ಕಳಶ! ಕಾಲಿನಿಂದ ಮೇಲೇರುತ್ತಾ ಹೋದ ಗುಡಿ ಚಿನ್ನದಲ್ಲಿ ಮುಗಿಯುತ್ತದೆ. ಬಡತನದ ಮಾತು ಅಷ್ಟು ಹೊತ್ತಿಗೆ ಕರಗಿಹೋಗಿರುತ್ತದೆ.

ಇನ್ನು ಮೇಡಂ ಕೇಳಿದ ಪ್ರಶ್ನೆ. ಕಂಬ ಬೀಳುತ್ತದೆ, ಕಾಲೂ ಬೀಳುತ್ತದೆ. ಹಾಗಾದರೆ ಅಳಿವಿಲ್ಲದ ಜಂಗಮ ಯಾವುದು? ಅದು ಬರೀ ದೇಹ ಆಗಲಾರದು. ಕಂಬವಾದ ಕಾಲು ನಿಂತ ಕಾಲು. ಅದೇ ಕಾಲು ನಡೆಯಲೂ ಬಲ್ಲದು. ಊರೂರು ಸುತ್ತುವ ಶರಣನನ್ನೂ ಜಂಗಮ ಎಂದೇ ಕರೆದರು. ಅಂದರೆ ಅಳಿವಿಲ್ಲದ್ದು ಒಬ್ಬನ ಮೈಯಲ್ಲ, ಒಬ್ಬರಿಂದ ಒಬ್ಬರಿಗೆ ಸಾಗುವ ನಡೆ. ಹನ್ನೆರಡನೇ ಶತಮಾನದ ಮಾತು ಬಾಯಿಂದ ಬಾಯಿಗೆ, ಗರಿಯಿಂದ ಗರಿಗೆ ದಾಟಿ, ಫ.ಗು. ಹಳಕಟ್ಟಿಯವರಂಥವರ ದುಡಿಮೆಯಿಂದ ಅಚ್ಚಾಗಿ ನಮ್ಮ ಕೈಗೆ ಬಂದಿದೆ. ಕೊನೆಯ ಸಾಲು ಹೇಳುವ ನಡೆಗೆ ಈ ವಚನದ ಬದುಕೇ ಸಾಕ್ಷಿ ಎಂದು ಬರೆದೆ. ಇದನ್ನು ನಾನು ಈಗಲೂ ನಂಬುತ್ತೇನೆ.

ಬರೆಯುವ ಕ್ರಮವೂ ತಿರುಗಿತು. ಕೊನೆಯ ಸಾಲಿನ ಪ್ರಶ್ನೆಯನ್ನೇ ಮೊದಲ ಪ್ಯಾರಾಕ್ಕೆ ತಂದೆ. ವಚನ ಚಳವಳಿಯ ಇತಿಹಾಸ ಹೇಳುವ ಪುಟಗಳನ್ನು ತೆಗೆದೆ. ಅವು ಯಾವ ವಚನದ ಪ್ರಬಂಧಕ್ಕೂ ಹೊಂದುವಂಥವು, ಈ ವಚನಕ್ಕೇ ಬೇಕಾದವಲ್ಲ.

ಮರುಬರಹ ಓದಿದ ಮೇಡಂ ಅಲ್ಲಮನ ಒಂದು ವಚನ ಸೇರಿಸು ಎಂದರು: ‘ದೇಹದೊಳಗೆ ದೇವಾಲಯವಿದ್ದು, ಮತ್ತೆ ಬೇರೆ ದೇವಾಲಯವೇಕಯ್ಯಾ?’ ಇಲ್ಲಿ ಗುಡಿ ದೇಹದ ಒಳಗಿದೆ, ಬಸವಣ್ಣನವರಲ್ಲಿ ದೇಹವೇ ಗುಡಿ. ಅಲ್ಲಮ ಮುಂದೆ ಹೋಗಿ, ಗುಹೇಶ್ವರಾ ನೀನು ಕಲ್ಲಾದರೆ ನಾನೇನಾಗಲಿ ಎಂದು ಕೇಳುತ್ತಾನೆ. ಇದನ್ನು ಕೊನೆಯ ಪ್ಯಾರಾದಲ್ಲಿ ಮುಟ್ಟಿ ಬಿಡಲು ಮನಸ್ಸು ಬರಲಿಲ್ಲ. ಮುಂದಿನ ಸೆಮಿಸ್ಟರ್‌ನ ಪ್ರಬಂಧಕ್ಕೆ ಅದನ್ನೇ ಆರಿಸಿಕೊಂಡೆ.