ನೀಲಿ ದೀಪದಡಿ ಹಳದಿ ಮಗು: ಹೆತ್ತವರು ಮಾಡಬೇಕಾದದ್ದು

ಹುಟ್ಟಿದ ಎರಡು ಮೂರು ದಿನಕ್ಕೆ ಕೂಸಿನ ಮುಖ ಅರಿಸಿನ ಬಳಿದಂತಾಗುವುದು ಸಾಮಾನ್ಯ. ದಿನ ತುಂಬಿ ಹುಟ್ಟಿದ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಕಾಮಾಲೆ ಬರುತ್ತದೆ, ಬಹುತೇಕ ತಾನಾಗಿ ಇಳಿಯುತ್ತದೆ. ಆದರೆ ಈ ಹಳದಿಗೆ ಕಾರಣವಾದ ಬಿಲಿರುಬಿನ್ ಎಂಬ ವಸ್ತು ರಕ್ತದಲ್ಲಿ ಮಿತಿಮೀರಿದರೆ ಅದು ಮೆದುಳಿಗೇ ಕೈ ಹಾಕುತ್ತದೆ.

ಮೊದಲು ಹಗಲು ಬೆಳಕಿನಲ್ಲಿ ಮಗುವಿನ ಹಣೆ, ಎದೆ, ಅಂಗಾಲನ್ನು ಮೆಲ್ಲಗೆ ಒತ್ತಿ ಬಿಡಿ. ಒತ್ತಿದ ಜಾಗ ಹಳದಿಯಾಗಿ ಕಂಡರೆ ವೈದ್ಯರಿಗೆ ತೋರಿಸಿ. ಮೊದಲ 24 ಗಂಟೆಯಲ್ಲೇ ಬಣ್ಣ ಕಂಡರೆ, ಮಗು ಹಾಲೆಳೆಯದೆ ಮಂಕಾದರೆ, ಮಲ ಬಿಳಿಚಿಕೊಂಡರೆ ಆ ಗಳಿಗೆಯಲ್ಲೇ ಹೊರಡಿ. ಆಸ್ಪತ್ರೆಯ ನೀಲಿ ದೀಪದ ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ರಕ್ತಪರೀಕ್ಷೆ ಹೇಳುತ್ತದೆ, ಅಜ್ಜಿಯ ಕಣ್ಣಲ್ಲ.

ದೀಪದಡಿ ಮಲಗಿಸುವಾಗ ಡಯಾಪರ್ ಮತ್ತು ಕಣ್ಣಿನ ಪಟ್ಟಿ ಬಿಟ್ಟು ಬೇರೇನೂ ಇರಬಾರದು. ಟೊಪ್ಪಿಗೆ, ಕಾಲುಚೀಲ ತೆಗೆಯಿರಿ, ಎಣ್ಣೆ ಹಚ್ಚಬೇಡಿ. ಇಲ್ಲಿ ಬೆಳಕೇ ಔಷಧ, ಚರ್ಮ ಮುಚ್ಚಿದಷ್ಟೂ ಡೋಸ್ ಕಡಿಮೆ. ಸುಮಾರು 460ರಿಂದ 490 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕನ್ನು ಹೀರಿದ ಬಿಲಿರುಬಿನ್ ಅಣು ತನ್ನ ಆಕಾರ ಬದಲಿಸಿ ನೀರಿನಲ್ಲಿ ಕರಗುವಂತಾಗುತ್ತದೆ. ಎಳೆಯ ಯಕೃತ್ತು ಮಾಡಲಾಗದ ಕೆಲಸ ಹೀಗೆ ಚರ್ಮದಲ್ಲೇ ಮುಗಿದು, ಅದು ಪಿತ್ತ, ಮೂತ್ರಗಳ ಮೂಲಕ ಹೊರಹೋಗುತ್ತದೆ. ಇದು ನೇರಳಾತೀತ ಕಿರಣವಲ್ಲ, ಆ ಭಯ ಬೇಡ.

ಹಾಗಾದರೆ ಎಳೆಬಿಸಿಲು ಸಾಲದೇ? ಈ ಚಿಕಿತ್ಸೆ ಹುಟ್ಟಿದ್ದೇ ಬಿಸಿಲಿನಿಂದ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ಜೀನ್ ವಾರ್ಡ್ ಎಳೆಯ ಮಕ್ಕಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಮಗುವಿನ ಮೈಯಲ್ಲಿ ಬಟ್ಟೆಯ ಮೂಲೆ ಮುಚ್ಚಿದ್ದ ತ್ರಿಕೋನ ಮಾತ್ರ ಹಳದಿಯಾಗಿಯೇ ಉಳಿದಿತ್ತು. ಡಾ. ರಿಚರ್ಡ್ ಕ್ರೀಮರ್ ತಂಡ 1958ರಲ್ಲಿ ದೀಪದ ಚಿಕಿತ್ಸೆಯನ್ನು ಪ್ರಕಟಿಸಿತು. ಆದರೂ ಬಿಸಿಲಿನ ತೀವ್ರತೆಗೆ ಅಳತೆಯಿಲ್ಲ, ಮೈ ಸುಡಬಹುದು. ನನ್ನ ಮಟ್ಟಿಗೆ, ಬಿಸಿಲನ್ನು ನಂಬಿ ಎರಡು ದಿನ ಕಾಯುವುದೇ ಇಲ್ಲಿನ ದೊಡ್ಡ ಅಪಾಯ.

ಎರಡು ಮೂರು ಗಂಟೆಗೊಮ್ಮೆ ಮಗುವನ್ನು ಎತ್ತಿ, ಕಣ್ಣಿನ ಪಟ್ಟಿ ತೆಗೆದು ಎದೆಹಾಲು ಕೊಡಿ. ನೀರು, ಗ್ಲೂಕೋಸ್ ಬೇಡ. ಮಲ ಹಸಿರಾಗಿ ನೀರಾದರೆ ಗಾಬರಿಯಾಗಬೇಡಿ, ದಾದಿಗೆ ತಿಳಿಸಿದರೆ ಸಾಕು. ದೀಪದಡಿ ಚರ್ಮ ಬೇಗ ಬಿಳಿಯಾಗುವುದರಿಂದ ಬಣ್ಣ ನೋಡಿ "ವಾಸಿಯಾಯಿತು" ಎಂದು ಮನೆಗೆ ಹೊರಡಬೇಡಿ. ದೀಪ ಆರಿಸಿದ ಮೇಲೂ ಬಿಲಿರುಬಿನ್ ಮತ್ತೆ ಏರಬಹುದು, ವೈದ್ಯರು ಹೇಳಿದ ದಿನ ಮರುಪರೀಕ್ಷೆ ಮಾಡಿಸಿ. ಎರಡು ವಾರ ಕಳೆದರೂ ಹಳದಿ ಉಳಿದಿದ್ದರೆ ಯಕೃತ್ತು, ಥೈರಾಯಿಡ್ ತಪಾಸಣೆಯ ಬಗ್ಗೆ ಕೇಳಿ.